ಬಿಸಿಲು ಉಣ್ಣದ ಹವಳ

ಸನ್ ಕೋರಲ್ ಅಂತ ಒಂದು ಹವಳವಿದೆ. ಶಾಸ್ತ್ರೀಯ ಹೆಸರು ಟ್ಯೂಬಾಸ್ಟ್ರಿಯಾ. ಸೂರ್ಯನ ಹೆಸರು ಇಟ್ಟುಕೊಂಡಿದ್ದರೂ ಸೂರ್ಯನಿಂದ ಅದಕ್ಕೆ ಮೂರು ಕಾಸಿನ ಲಾಭವಿಲ್ಲ. ಹಗಲೆಲ್ಲ ಕಿತ್ತಳೆ ಬಣ್ಣದ ಗಂಟುಗಳ ಹಾಗೆ ಮುದುಡಿಕೊಂಡು ಕೂತಿರುತ್ತೆ. ಕತ್ತಲಾದ ಮೇಲೆ ಒಂದೊಂದು ಗಂಟೂ ಬಿಚ್ಚಿ, ಹಳದಿ ಎಸಳುಗಳ ಸೇವಂತಿಗೆಯಂತೆ ಅರಳುತ್ತೆ. ಆ ಎಸಳುಗಳೆಲ್ಲ ಬೇಟೆಯಾಡುವ ಕೈಗಳು. ಪ್ರತಿ ಹೂವಿನ ನಡುವೆ ಒಂದು ಬಾಯಿ. ಮನೆಯ ಅಕ್ವೇರಿಯಂನಲ್ಲಿ ಇದನ್ನು ಸಾಕುವವರು ರಾತ್ರಿ ಊಟವಾದ ಮೇಲೆ ಪಿಪೆಟ್ ಹಿಡಿದುಕೊಂಡು ತೊಟ್ಟಿಯ ಮುಂದೆ ನಿಲ್ಲಬೇಕು. ನಲವತ್ತು ಬಾಯಿ ಇದ್ದರೆ ನಲವತ್ತು ತುತ್ತು. ಒಂದು ಬಾಯಿ ತಿಂದದ್ದರಿಂದ ದೂರದ ಬಾಯಿಯ ಹೊಟ್ಟೆ ತುಂಬುತ್ತೆ ಅನ್ನೋ ಭರವಸೆ ಇಲ್ಲ. ಊಟ ತಪ್ಪುತ್ತಾ ಹೋದರೆ ಹವಳ ಕೂಗುವುದಿಲ್ಲ, ಒದ್ದಾಡುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಸಣ್ಣಗಾಗುತ್ತಾ ಹೋಗಿ ಒಂದು ದಿನ ಬರೀ ಸುಣ್ಣದ ಅಸ್ಥಿಪಂಜರ ಉಳಿಯುತ್ತೆ.

ಬೇರೆ ಹವಳಗಳಿಗೆ ಈ ಗತಿ ಯಾಕಿಲ್ಲ? ಹವಳ ಗಿಡವಲ್ಲ, ಪ್ರಾಣಿ. ಆದರೆ ಬಂಡೆ ಕಟ್ಟುವ ಬಹುಪಾಲು ಹವಳಗಳು ಜಾಣ ಮನೆಮಾಲೀಕರು. ತಮ್ಮ ಮೈಯೊಳಗಿನ ಕೋಣೆಗಳನ್ನು ಝೂಜ್ಯಾಂಥೆಲೆ ಅನ್ನುವ ಸೂಕ್ಷ್ಮ ಪಾಚಿಗೆ ಬಾಡಿಗೆಗೆ ಕೊಟ್ಟಿರುತ್ತವೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ, ಬಾಡಿಗೆಯನ್ನು ಸಕ್ಕರೆ ಮತ್ತು ಕೊಬ್ಬಿನ ರೂಪದಲ್ಲಿ ಕೊಡುತ್ತೆ. ಮಾಲೀಕರ ಸಂಸಾರ ಹೆಚ್ಚುಕಮ್ಮಿ ಬಾಡಿಗೆಯಲ್ಲೇ ನಡೆದುಹೋಗುತ್ತೆ. ಸನ್ ಕೋರಲ್‌ಗೆ ಬಾಡಿಗೆದಾರರಿಲ್ಲ. ದುಡಿದರೆ ಊಟ, ಇಲ್ಲದಿದ್ದರೆ ಉಪವಾಸ. ಲೋಕದಲ್ಲಿ ಗೊತ್ತಿರುವ ಗಟ್ಟಿ ಹವಳದ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಇದೇ ಪಂಗಡಕ್ಕೆ ಸೇರಿದವು. ಇವುಗಳ ಜೊತೆಗೆ ಸ್ಪಂಜು, ಗರಿನಕ್ಷತ್ರ, ಎಷ್ಟೋ ಕಡಲ ಬೀಸಣಿಗೆಗಳು, ನೀರು ಸೋಸಿ ಉಣ್ಣುವ ಚಿಪ್ಪುಜೀವಿಗಳನ್ನೂ ಸೇರಿಸಿಕೊಳ್ಳಿ. ಹರಿದುಬರುವ ನೀರಿನಲ್ಲಿ ಸಿಕ್ಕಿದ್ದೇ ಇವಕ್ಕೆಲ್ಲ ಊಟ.

ಇವತ್ತು ಅಕ್ವೇರಿಯಂ ಹವ್ಯಾಸಿಗಳನ್ನು ಕೇಳಿದರೆ, "ಅಯ್ಯೋ, ಅದು ಎಕ್ಸ್‌ಪರ್ಟ್‌ಗಳಿಗೆ ಮಾತ್ರ, ಹೊಸಬರು ಕೈ ಹಾಕಬಾರದು" ಅಂತಾರೆ. ಸರಿಯಾದ ಮಾತೇ. ಆದರೆ ಚರಿತ್ರೆ ತೆಗೆದು ನೋಡಿದರೆ ತಮಾಷೆ ಇದೆ. ಮನೆಯೊಳಗೆ ಸಮುದ್ರದ ತೊಟ್ಟಿ ಇಡುವ ಹವ್ಯಾಸ ಶುರುವಾದದ್ದೇ ಬಿಸಿಲು ಉಣ್ಣದ ಒಂದು ಹವಳದಿಂದ. ಶುರು ಮಾಡಿದವಳು ವಿಜ್ಞಾನಿ ಅನ್ನೋ ಬಿರುದಿಲ್ಲದ ಒಬ್ಬ ಗೃಹಿಣಿ.

ಆಕೆಯ ಹೆಸರು ಆನಾ ಥಿನ್. ಗಂಡ ಲಾರ್ಡ್ ಜಾನ್ ಥಿನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಬ್-ಡೀನ್ ಆಗಿದ್ದ ಪಾದ್ರಿ. 1846ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕೀ ಎಂಬ ಊರಿನಲ್ಲಿದ್ದಾಗ ಬಂಡೆಗಳ ನಡುವೆ ಒಂದು ಪುಟ್ಟ ಹವಳ ಆಕೆಯ ಕಣ್ಣಿಗೆ ಬಿತ್ತು. ಆ ಕಾಲದವರು ಅದನ್ನು ಮ್ಯಾಡ್ರಪೋರ್ ಅನ್ನುತ್ತಿದ್ದರು. ಇವತ್ತಿನ ಹೆಸರು ಕ್ಯಾರಿಯೋಫಿಲಿಯಾ ಸ್ಮಿಥಿ. ಒಂಟಿಯಾಗಿ ಬದುಕುವ, ನಮ್ಮ ಹಳೆಯ ಒಂದು ರೂಪಾಯಿ ನಾಣ್ಯದಷ್ಟಗಲದ ಹವಳ. ತಣ್ಣೀರಿನಲ್ಲಿ, ಬೆಳಕು ಕಡಿಮೆ ಇರುವ ಸಂದಿಗೊಂದಿಗಳಲ್ಲೂ ಇರುತ್ತೆ. ಮೈಯಲ್ಲಿ ಪಾಚಿ ಇಲ್ಲ. ಮೈಯ ಪಾರದರ್ಶಕ ಬೆರಳುಗಳ ತುದಿಯಲ್ಲಿ ಪುಟ್ಟ ಗುಂಡುಗಳು. ತೇಲಿಬಂದ ಸಣ್ಣ ಜೀವಿಗಳನ್ನು ಹಿಡಿದು ನುಂಗುವುದು ಅದರ ಕಸುಬು.

ಇದನ್ನು ಜೀವಂತವಾಗಿ ಲಂಡನ್ನಿಗೆ ತೆಗೆದುಕೊಂಡು ಹೋಗಬೇಕು ಅಂತ ಆನಾ ಹಟ ಹಿಡಿದಳು. ಟಾರ್ಕೀಯಿಂದ ಲಂಡನ್ 250 ಕಿಲೋಮೀಟರಿಗೂ ಹೆಚ್ಚು ದೂರ. ನೀರು ಎಲ್ಲ ಕಡೆಯಿಂದಲೂ ತಾಗಲಿ ಎಂದು ಸೂಜಿ ದಾರ ತೆಗೆದುಕೊಂಡು ಹವಳಗಳನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದಳು. ಹೊಲಿಗೆ ಆ ಕಾಲದ ಹೆಂಗಸರೆಲ್ಲರಿಗೂ ಬರುತ್ತಿದ್ದ ವಿದ್ಯೆ. ಅದನ್ನು ಸಾಗರವಿಜ್ಞಾನಕ್ಕೆ ಬಳಸಿದವರು ಎಷ್ಟು ಜನ ಇದ್ದಾರೋ! ಲಂಡನ್ ತಲುಪಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ತಂದಿದ್ದ ಸಮುದ್ರದ ನೀರು ಎಷ್ಟು ದಿನ ಬಂದೀತು? ಹೊಸ ನೀರು ತರಿಸುವುದು ಸುಲಭವಲ್ಲ. ಹಳೆಯ ನೀರು ಉಸಿರುಗಟ್ಟುತ್ತೆ, ನಾರುತ್ತೆ. ಆಕೆ ಕಂಡುಕೊಂಡ ಉಪಾಯ ಸರಳ. ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹುಯ್ಯುವುದು, ಮತ್ತೆ ವಾಪಸ್ ಹುಯ್ಯುವುದು. ಅರ್ಧ ಗಂಟೆ, ಮುಕ್ಕಾಲು ಗಂಟೆ. ನಾವು ಬೈಟೂ ಕಾಫಿ ಆರಿಸೋ ಹಾಗೆ. ಗಾಳಿಯೊಂದಿಗೆ ಬೆರೆತ ನೀರು ಮತ್ತೆ ಬಳಕೆಗೆ ಬರುತ್ತಿತ್ತು.

ಹುಯ್ದವರು ಯಾರು? ಆನಾಳೇ ಬರೆದಿಟ್ಟಿದ್ದಾಳೆ, ಮನೆಗೆಲಸದ ಒಬ್ಬ ಹುಡುಗಿ. ಕೆಲಸ ದಣಿವಿನದ್ದೇ, ಆದರೆ ಹುಡುಗಿಗೆ ತನ್ನನ್ನು ಮೆಚ್ಚಿಸುವ ಆಸೆ ಇತ್ತು, ಜೊತೆಗೆ ಅದೊಂದು ಮೋಜು ಅಂತಲೂ ಅನಿಸುತ್ತಿತ್ತು ಅನ್ನುವ ಅರ್ಥದ ಮಾತು ಆಕೆಯ ಬರಹದಲ್ಲಿದೆ. ಹುಡುಗಿಗೆ ನಿಜವಾಗಿಯೂ ಮೋಜು ಅನಿಸಿತ್ತೋ ಇಲ್ಲವೋ ಅಂತ ಅವಳನ್ನು ಕೇಳಿ ಬರೆದವರಿಲ್ಲ. ಆ ಬರಹದಲ್ಲಿ ಅವಳ ಹೆಸರೂ ಇಲ್ಲ. ಇವತ್ತು ತೊಟ್ಟಿಯ ಕೆಳಗೆ ಗುಂಯ್ ಅಂತ ಸದ್ದು ಮಾಡುವ ಏರ್ ಪಂಪು ಇದೆಯಲ್ಲ, ಅದರ ಮೊದಲ ಮಾಡೆಲ್ ಆ ಹುಡುಗಿಯ ಎರಡು ತೋಳುಗಳು.

ಮರುವರ್ಷ, 1847ರಲ್ಲಿ, ಆನಾಗೆ ಇನ್ನೊಂದು ಉಪಾಯ ಹೊಳೆಯಿತು. ಜೀವಂತ ಕಡಲಪಾಚಿ ಅಂಟಿಕೊಂಡಿದ್ದ ಕಲ್ಲಿನ ಚೂರುಗಳನ್ನು ತರಿಸಿ ಹವಳಗಳ ಜೊತೆಗಿಟ್ಟಳು. ಪಾಚಿ ಹಗಲು ಆಮ್ಲಜನಕ ಬಿಟ್ಟಿತು, ಹೊಲಸನ್ನು ಹೀರಿಕೊಂಡಿತು. ನೀರು ಹುಯ್ಯುವ ಕೆಲಸ ಹಗುರಾಯಿತು. ಕಲ್ಲಿನ ಜೊತೆ ಬಂದಿದ್ದ ಪುಟ್ಟ ಹುಳುಗಳು, ಸ್ಪಂಜುಗಳು ಕೂಡ ಬದುಕಿಕೊಂಡವು. ಹೀಗೆ ಸಮುದ್ರದ ಒಂದು ತುಣುಕು ಲಂಡನ್ನಿನ ಮನೆಯೊಳಗೆ ಸುಮಾರು ಮೂರು ವರ್ಷ ಬಾಳಿತು. ಈ ಕತೆ ಅಚ್ಚಾದದ್ದು ಮಾತ್ರ 1859ರಲ್ಲಿ. ಅಷ್ಟು ಹೊತ್ತಿಗೆ ಅಕ್ವೇರಿಯಂ ಕಂಡುಹಿಡಿದ ಕೀರ್ತಿಯನ್ನು ಗಂಡಸರು ತಮ್ಮತಮ್ಮಲ್ಲೇ ಹಂಚಿಕೊಂಡು ಮುಗಿಸಿದ್ದರು.

ಅವರಲ್ಲಿ ಮೊದಲಿಗ ರಾಬರ್ಟ್ ವಾರಿಂಗ್‌ಟನ್, ಲಂಡನ್ನಿನ ರಸಾಯನಶಾಸ್ತ್ರಜ್ಞ. ಸಿಹಿನೀರಿನ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಗಿಡದ ಎಲೆ ಕೊಳೆತು ನೀರು ಲೋಳೆಯಾದಾಗ ಬಸವನಹುಳು ಬಿಟ್ಟ. ಬಸವನಹುಳು ಕೊಳೆತದ್ದನ್ನು ತಿಂದಿತು, ಅದರ ಮೊಟ್ಟೆ ಮೀನಿಗೆ ಆಹಾರವಾಯಿತು, ಮೀನಿನ ಗೊಬ್ಬರ ಗಿಡಕ್ಕೆ ಹೋಯಿತು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ಇಟ್ಟಾಗ ಜನ ತಲೆದೂಗಿದರು. ಗಿಡ, ಪ್ರಾಣಿ, ಕೊಳೆ ತಿನ್ನುವ ಜೀವಿ ಈ ಮೂರನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಲೋಕ ತನ್ನ ಪಾಡಿಗೆ ತಾನು ನಡೆಯುತ್ತೆ ಅನ್ನುವ ನಂಬಿಕೆ ಹುಟ್ಟಿತು. "ಸಮತೋಲನದ ಅಕ್ವೇರಿಯಂ" ಅನ್ನುವ ಮಾತಿನ ಬೇರು ಇಲ್ಲಿದೆ.

ಈ ನಂಬಿಕೆಯನ್ನು ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. ಕಡಲತೀರದ ಬಂಡೆಕುಣಿಗಳಲ್ಲಿ ಮೊಣಕಾಲೂರಿ ಕೂತು ಬರೆದ ಬರಹಗಾರ, ಸೊಗಸಾಗಿ ಚಿತ್ರ ಬರೆಯುತ್ತಿದ್ದವನು, ಕಟ್ಟಾ ಧಾರ್ಮಿಕ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಲೋಕದ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದಾಗ ಅಲ್ಲಿಗೆ ಜೀವಿಗಳನ್ನು ಹಿಡಿದು ಕಳಿಸಿದವರಲ್ಲಿ ಅವನೂ ಇದ್ದ. 1854ರಲ್ಲಿ ಅವನ "ದಿ ಅಕ್ವೇರಿಯಂ" ಪುಸ್ತಕ ಬಂತು, ಬಂದ ಕೂಡಲೇ ಖರ್ಚಾಯಿತು. "ಅಕ್ವೇರಿಯಂ" ಅನ್ನೋ ಪದ ಈಗಿನ ಅರ್ಥದಲ್ಲಿ ರೂಢಿಗೆ ಬಂದದ್ದೂ ಇದರಿಂದಲೇ. ಸಮುದ್ರ ದೂರವಿದ್ದವರಿಗೆ ಅಂತ ಗಾಸ್ ಕೃತಕ ಸಮುದ್ರದ ನೀರಿನ ಪಾಕವನ್ನೂ ಕೊಟ್ಟ. ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ಅಳತೆ ಮಾಡಿ ನೀರಿಗೆ ಬೆರೆಸಿದರೆ ಆಯಿತು. ಕರಾವಳಿಯಿಂದ ಇಷ್ಟು ದೂರ ಇರುವ ಬೆಂಗಳೂರಿನಲ್ಲಿ ಇವತ್ತು ಬಕೆಟ್ಟಿನ ಉಪ್ಪು ಕರಗಿಸಿ ಸಮುದ್ರ ಮಾಡಿಕೊಳ್ಳುವ ಹವ್ಯಾಸಿ ಗಾಸ್‌ನ ಮರಿಮಗ.

ಕಾಲವೂ ಕೂಡಿಬಂದಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಬಂದು ಮಧ್ಯಮವರ್ಗದವರು ರಜೆಗೆ ಬೀಚಿಗೆ ಹೋಗುವುದು ಶುರುವಾಗಿತ್ತು. ಲಂಡನ್ನಿನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಅನ್ನುವವನು ಅಕ್ವೇರಿಯಂ ಸಾಮಾನಿಗೆಂದೇ ಅಂಗಡಿ ಇಟ್ಟ. ಹಾಲಿನ ಕಿಟಕಿಯ ಪಕ್ಕ ಒಂದು ಸಮುದ್ರದ ತೊಟ್ಟಿ ಇರೋದು ಸುಸಂಸ್ಕೃತ ಮನೆಯ ಗುರುತಾಯಿತು. ಈಗ ಇನ್‌ಸ್ಟಾಗ್ರಾಮಿನಲ್ಲಿ ಮನೆಯೊಳಗಿನ ಗಿಡಗಳ ಫೋಟೋ ಹಾಕುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಉಮೇದು.

ಈ ಉಮೇದಿನಲ್ಲಿ ಒಂದು ಲೆಕ್ಕ ತಪ್ಪಿಹೋಯಿತು. ಪಾಚಿ ತೊಟ್ಟಿಗೆ ಆಮ್ಲಜನಕ ಕೊಡುತ್ತೆ, ಹೊಲಸು ಹೀರುತ್ತೆ, ಎಲ್ಲ ಸರಿ. ಆದರೆ ಕ್ಯಾರಿಯೋಫಿಲಿಯಾದ ಹೊಟ್ಟೆಗೆ? ಅದಕ್ಕೆ ಬೇಕಾದದ್ದು ಮಾಂಸ. ಗಾಸ್‌ಗೇ ಇದು ಗೊತ್ತಿತ್ತು, ಆ ಹವಳ ಚೂರು ಮಾಂಸವನ್ನು ಹೇಗೆ ನುಂಗುತ್ತೆ ಅಂತ ಕೂತು ನೋಡಿ ಬರೆದವನೇ ಅವನು. ಸಮುದ್ರದಲ್ಲಾದರೆ ಅಲೆ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಊಟ ಹೊತ್ತು ತರುತ್ತೆ, ಉಳಿದದ್ದನ್ನು ಹೊತ್ತುಕೊಂಡು ಹೋಗುತ್ತೆ. ಬಡಿಸುವುದೂ ಅದೇ, ಎಲೆ ಎತ್ತುವುದೂ ಅದೇ. ತೊಟ್ಟಿಯಲ್ಲಿ ಇವೆರಡೂ ಕೆಲಸ ಮನುಷ್ಯನ ತಲೆಗೆ ಬೀಳುತ್ತವೆ, ಅದರಲ್ಲೂ ಒಂದನ್ನು ಮಾಡಿದರೆ ಇನ್ನೊಂದು ಕೆಡುತ್ತೆ. ಊಟ ಹಾಕಿದರೆ ನೀರು ಕೊಳೆಯುತ್ತೆ. ನೀರು ಸ್ವಚ್ಛವಾಗಿಡುತ್ತೇನೆ ಅಂತ ಹೊರಟರೆ ಪ್ರಾಣಿ ಉಪವಾಸ ಬೀಳುತ್ತೆ. "ತನ್ನ ಪಾಡಿಗೆ ತಾನು ನಡೆಯುತ್ತೆ" ಅನ್ನುವ ಮಾತನ್ನು ನಂಬಿದವರ ಮನೆಯಲ್ಲಿ ತೊಟ್ಟಿಗಳು ಒಂದೊಂದಾಗಿ ನಾರತೊಡಗಿದವು. ಸತ್ತದ್ದನ್ನು ಎಸೆದು, ಮುಂದಿನ ರಜೆಗೆ ಬೀಚಿಗೆ ಹೋಗಿ ಹೊಸದನ್ನು ಕೆತ್ತಿ ತರುವುದು ರೂಢಿಯಾಯಿತು. 1860ರ ದಶಕದಲ್ಲಿ ಹುಚ್ಚು ಇಳಿಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಎಷ್ಟೋ ಬಂಡೆಕುಣಿಗಳು ಬರಿದಾಗಿದ್ದವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕತೆಯಲ್ಲಿ ಇದನ್ನು ನೋವಿನಿಂದ ನೆನೆಯುತ್ತಾನೆ. ಅಪ್ಪ ಮತ್ತು ತಾನು ಕಂಡಿದ್ದ ಆ ಕಡಲ ತೋಟಗಳನ್ನು ಸಂಗ್ರಹಕಾರರ ದಂಡು ಸೂರೆ ಮಾಡಿತು, ಹಾಗೆ ಮಾಡಲು ಜನರಿಗೆ ದಾರಿ ತೋರಿಸಿದ್ದು ಅಪ್ಪನ ಪುಸ್ತಕಗಳೇ, ಅದು ಅಪ್ಪನಿಗೂ ಕೊರಗಾಗಿತ್ತು ಅನ್ನುವುದು ಅವನ ಮಾತಿನ ಸಾರಾಂಶ.

ಇದೇ ಹೊತ್ತಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಮತೋಲನದ ಗೊಡವೆಗೇ ಹೋಗದ ಒಂದು ಗಾಜಿನ ಜಾಡಿ ಇತ್ತು. ಸರ್ ಜಾನ್ ಗ್ರಹಾಂ ಡಾಲ್ಯೆಲ್ 1828ರಲ್ಲಿ ನಾರ್ತ್ ಬೆರಿಕ್ ಎಂಬ ಊರಿನ ತೀರದಿಂದ ಒಂದು ಕೆಂಪು ಸೀ ಅನೆಮೊನೆಯನ್ನು ತಂದ. ಅನೆಮೊನೆ ಹವಳದ ದಾಯಾದಿ, ಸುಣ್ಣದ ಮನೆ ಕಟ್ಟದ ದಾಯಾದಿ. ಇದರ ಮೈಯಲ್ಲೂ ಬಾಡಿಗೆ ಪಾಚಿ ಇಲ್ಲ. ಡಾಲ್ಯೆಲ್‌ನ ಪದ್ಧತಿಯಲ್ಲಿ ಯಾವ ತತ್ತ್ವಜ್ಞಾನವೂ ಇರಲಿಲ್ಲ. ಆಗೀಗ ಮಸಲ್ ಚಿಪ್ಪಿನ ಮಾಂಸದ ಒಂದು ತುಂಡು (ನಮ್ಮ ದಕ್ಷಿಣ ಕನ್ನಡದ ಕಡೆ ಪಚಿಲೆ ಅಂತಾರಲ್ಲ, ಅದೇ ಜಾತಿಯದು), ತಿಂದಾದ ಮೇಲೆ ಹೊಸ ಸಮುದ್ರದ ನೀರು. ಅಷ್ಟೇ. 1851ರಲ್ಲಿ ಡಾಲ್ಯೆಲ್ ತೀರಿಕೊಂಡ. ಅನೆಮೊನೆ ತೀರಿಕೊಳ್ಳಲಿಲ್ಲ. ಅದನ್ನು ಇನ್ನೊಬ್ಬ ಪ್ರಾಧ್ಯಾಪಕರು ತೆಗೆದುಕೊಂಡರು, ಅವರ ನಂತರ ಒಬ್ಬ ವೈದ್ಯರು, ಅವರ ನಂತರ ಎಡಿನ್‌ಬರೋದ ಸಸ್ಯೋದ್ಯಾನದವರು. ಎಲ್ಲರೂ ಅದನ್ನು "ಗ್ರಾನಿ", ಅಂದರೆ ಅಜ್ಜಿ, ಅಂತ ಕರೆದರು. ಅಜ್ಜಿ ಆ ಜಾಡಿಯಲ್ಲೇ ನೂರಾರು ಮರಿ ಹಾಕಿತು. 1887ರಲ್ಲಿ ಸತ್ತಾಗ ಪತ್ರಿಕೆಯಲ್ಲಿ ಸುದ್ದಿಯಾಯಿತು. ಲೆಕ್ಕ ಹಾಕಿ, 59 ವರ್ಷ. ಒಂದು ಜಾಡಿ, ಕೈಯಿಂದ ಕೈಗೆ ದಾಟಿದ ಒಂದು ಕೆಲಸ.

ಅಕ್ವೇರಿಯಂ ಚರಿತ್ರೆಯಲ್ಲಿ ಈ ಎರಡು ದಾರಿಗಳು ಆಮೇಲೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಒಂದು, ಪೆಟ್ಟಿಗೆಯನ್ನು ಸ್ವಾವಲಂಬಿ ಮಾಡುವ ಕನಸು. ಇನ್ನೊಂದು, ಉಣಿಸಿ ತೊಳೆಯುವ ದಿನನಿತ್ಯದ ಚಾಕರಿ. ಅಂಗಡಿಯಾತ ಲಾಯ್ಡ್ ನಿಧಾನಕ್ಕೆ ಎರಡನೆಯ ದಾರಿಗೆ ಬಂದ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂ ತೆರೆದಾಗ, ಜನ ನೋಡುವ ತೊಟ್ಟಿಗಳಲ್ಲಿದ್ದ ನೀರಿಗಿಂತ ಹಲವು ಪಟ್ಟು ನೀರನ್ನು ನೆಲದ ಕೆಳಗೆ, ಕತ್ತಲಲ್ಲಿ, ತಂಪಾಗಿ ಇಡಿಸಿದ. ಉಗಿಯಂತ್ರದ ಪಂಪು ಅದನ್ನು ಹಗಲೂ ರಾತ್ರಿ ಮೇಲಕ್ಕೆತ್ತಿ ಸುತ್ತಿಸುತ್ತಿತ್ತು. ಪುಟ್ಟ ಪೆಟ್ಟಿಗೆಯ ಬೆನ್ನ ಹಿಂದೆ ದೊಡ್ಡದೊಂದು ಕಡಲು ಇರಬೇಕು ಅನ್ನೋದು ಅವನಿಗೆ ಅನುಭವದಿಂದ ಅರ್ಥವಾಗಿತ್ತು. ಇಟಲಿಯ ನೇಪಲ್ಸ್‌ನಲ್ಲಿ ಆಂಟನ್ ಡೋರ್ನ್ ಕಟ್ಟಿದ ಪ್ರಾಣಿಶಾಸ್ತ್ರ ಕೇಂದ್ರದ ಅಕ್ವೇರಿಯಂ 1874ರಲ್ಲಿ ತೆರೆಯಿತು. ಅದಕ್ಕೂ ಲಾಯ್ಡ್‌ನ ಸಲಹೆ ಸಂದಿತ್ತು. ಇವತ್ತಿನ ತೊಟ್ಟಿಗಳ ಕೆಳಗಿನ ಕಬೋರ್ಡಿನಲ್ಲಿ ಸಂಪ್ ಅಂತ ಇನ್ನೊಂದು ತೊಟ್ಟಿ ಅಡಗಿಸಿಟ್ಟಿರುತ್ತಾರಲ್ಲ, ಅದರ ಪೂರ್ವಜ ಇದು.

ಇಪ್ಪತ್ತನೇ ಶತಮಾನದಲ್ಲಿ ಪ್ರಶ್ನೆ ವಿಜ್ಞಾನಿಗಳ ಕೈಗೆ ಬಂತು. ಹವಳ ತಿನ್ನುವುದಾದರೂ ಏನನ್ನು? 1928-29ರಲ್ಲಿ ಬ್ರಿಟಿಷ್ ತಂಡವೊಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಒಂದು ವರ್ಷ ಬಿಡಾರ ಹೂಡಿತು. ನಾಯಕ ಮಾರಿಸ್ ಯಾಂಗ್ ಪ್ರಾಣಿಗಳ ಆಹಾರ, ಜೀರ್ಣಕ್ರಿಯೆಗಳ ತಜ್ಞ. ಆತ ಹವಳಗಳನ್ನು ಕತ್ತಲಲ್ಲಿಟ್ಟು ನೋಡಿದ. ಮೈಯೊಳಗಿನ ಪಾಚಿ ಹೊರಟುಹೋಯಿತು, ಆದರೆ ಊಟ ಸಿಕ್ಕ ಹವಳಗಳು ಬದುಕಿದವು. ಆದ್ದರಿಂದ ಹವಳ ಶುದ್ಧ ಮಾಂಸಾಹಾರಿ, ಪಾಚಿ ಬರೀ ಕಸ ಗುಡಿಸುವ ಆಳು, ಊಟ ಕೊಡುವುದಿಲ್ಲ ಅಂತ ತೀರ್ಮಾನಿಸಿದ. 1958ರಲ್ಲಿ ಲೆನರ್ಡ್ ಮಸ್ಕಟೀನ್ ಮತ್ತು ಕ್ಯಾಡೆಟ್ ಹ್ಯಾಂಡ್ ವಿಕಿರಣಶೀಲ ಇಂಗಾಲವನ್ನು ಗುರುತಾಗಿ ಬಳಸಿ, ಅನೆಮೊನೆಯ ಮೈಯಲ್ಲಿರುವ ಪಾಚಿಯಿಂದ ಪ್ರಾಣಿಯ ಅಂಗಾಂಶಕ್ಕೆ ಆಹಾರ ದಾಟುವುದನ್ನು ತೋರಿಸಿದರು. ಅಂದರೆ ಬಾಡಿಗೆ ನಿಜ. ಆ ನಂತರ ವಾಲು ಪೂರ್ತಿ ಬೆಳಕಿನ ಕಡೆಗೆ.

ಹವ್ಯಾಸಿಗಳಿಗೆ ಇದು ಸುಗ್ಗಿಯಾಯಿತು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಒಂದು ಪತ್ರಿಕೆಯಲ್ಲಿ ತನ್ನ ಪದ್ಧತಿ ಬರೆದ. ಸಮುದ್ರದಿಂದ ತಂದ ಜೀವಂತ ಕಲ್ಲು, ಗಾಳಿಯ ಗುಳ್ಳೆ, ಬಿಸಿಲು. ನೂರು ವರ್ಷದ ಹಿಂದಿನ ಆನಾ ಥಿನ್‌ಳ ಕಲ್ಲಿನ ಚೂರುಗಳೇ ಮತ್ತೊಮ್ಮೆ ಹುಟ್ಟಿಬಂದ ಹಾಗಿತ್ತು. ಮುಂದೆ ಜರ್ಮನಿಯ ಹವ್ಯಾಸಿಗಳು ಜೀವಂತ ಕಲ್ಲಿಗೆ ಪ್ರಖರ ದೀಪ ಮತ್ತು ಪ್ರೋಟೀನ್ ಸ್ಕಿಮ್ಮರ್ ಸೇರಿಸಿದರು. ಬರ್ಲಿನ್ ಪದ್ಧತಿ ಅಂತ ಅದಕ್ಕೆ ಹೆಸರು. ಸ್ಕಿಮ್ಮರ್ ಕೆಲಸ ಏನಪ್ಪಾ ಅಂದರೆ, ನೀರಿನಲ್ಲಿ ನೊರೆ ಎಬ್ಬಿಸಿ, ನೊರೆಗೆ ಅಂಟಿಕೊಳ್ಳುವ ಜೈವಿಕ ಕಸವನ್ನು ಹೊರಗೆ ಚೆಲ್ಲುವುದು. ಬೇಳೆ ಬೇಯುವಾಗ ಅಮ್ಮ ಮೇಲಿನ ನೊರೆ ತೆಗೆಯುತ್ತಾರಲ್ಲ, ಹಾಗೆ. ಗಾಜಿನಂಥ ನೀರು, ಜೋರು ದೀಪ, ಹೊಳೆಯುವ ಹವಳ. ಊಟ ಹಾಕುವ ಕೆಲಸ ಕರೆಂಟ್ ಬಿಲ್‌ಗೆ ವರ್ಗವಾಯಿತು. ವಾರಿಂಗ್‌ಟನ್‌ನ ಕನಸು ನನಸಾಯಿತೇನೋ ಅನ್ನುವಷ್ಟು ಚೆಂದ.

ಆದರೆ ಬಿಸಿಲು ಉಣ್ಣದವರಿಗೆ ಈ ಯಶಸ್ಸೇ ಉರುಳಾಯಿತು. ಸ್ಕಿಮ್ಮರ್‌ಗೆ ಕಸ ಯಾವುದು, ಊಟ ಯಾವುದು ಅಂತ ಗೊತ್ತಿಲ್ಲ. ಸ್ಪಂಜು ಮತ್ತು ಗರಿನಕ್ಷತ್ರಗಳ ಊಟವೂ ನೊರೆಯಲ್ಲೇ ಹೊರಗೆ ಹೋಗುತ್ತೆ. ಕಣ್ಣಿಗೆ ಅತಿ ಶುದ್ಧವಾಗಿ ಕಾಣುವ ನೀರು ಅವುಗಳ ಪಾಲಿಗೆ ಖಾಲಿ ತಟ್ಟೆ.

ಎಲ್ಲಕ್ಕಿಂತ ಸಂಕಟದ ಕತೆ ಡೆಂಡ್ರೊನೆಫ್ಥಿಯಾ ಎಂಬ ಮೆದು ಹವಳದ್ದು. ಗುಲಾಬಿ, ಕೆಂಪು, ನೇರಳೆ ಬಣ್ಣದ ಹೂಕೋಸಿನ ಹಾಗಿರುತ್ತೆ. ಅಂಗಡಿಯಲ್ಲಿ ನೋಡಿದವರು ಬೆಲೆ ಕೇಳದೆ ಮುಂದೆ ಹೋಗೋದು ಕಷ್ಟ. ಕೊಂಡವರು ಅದಕ್ಕೆ ಬ್ರೈನ್ ಶ್ರಿಂಪ್ ಹಾಕಿದರು, ಮೀನಿನ ಪುಡಿ ಹಾಕಿದರು, ಪ್ರೀತಿಯಿಂದಲೇ ಹಾಕಿದರು. ಅದು ಕುಗ್ಗಿ ಕುಗ್ಗಿ ಸತ್ತಿತು. 1995ರಲ್ಲಿ ಕ್ಯಾಥರಿನಾ ಫ್ಯಾಬ್ರಿಸಿಯಸ್ ಮತ್ತು ಸಂಗಡಿಗರು ಕೆಂಪು ಸಮುದ್ರದಲ್ಲಿ ಇದರ ಊಟವನ್ನು ಪರೀಕ್ಷಿಸಿ "ಸೈನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಹವಳದ ಮುಖ್ಯ ಆಹಾರ ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಪಾಚಿ. ಹವಳವೆಂದರೆ ಮಾಂಸಾಹಾರಿ ಅಂತ ಎಲ್ಲರೂ ತಿಳಿದಿದ್ದಾಗ, ಇಲ್ಲೊಂದು ಸಸ್ಯಾಹಾರಿ ಹವಳ ಕೂತಿತ್ತು. ಇಷ್ಟು ವರ್ಷ ಅದರ ಮುಂದೆ ಇಟ್ಟದ್ದು ಅದು ತಿನ್ನಲಾಗದ ಊಟ. ಜೊತೆಗೆ ಅದಕ್ಕೆ ಜೋರಾಗಿ ಹರಿಯುವ ನೀರು ಬೇಕು, ಹಾಗೆ ಹರಿಯುವ ನೀರಿನಲ್ಲಿ ಊಟ ಸತತವಾಗಿ ಇರಬೇಕು. ದಿನಕ್ಕೆರಡು ಸಲ ಬಡಿಸಿದರೆ ಸಾಲದು. ಹೀಗೆ ಗೊತ್ತಾದ ಮೇಲೂ ಅದನ್ನು ಮಾರುವುದು ನಿಲ್ಲಲಿಲ್ಲ. ಹೂದಾನಿಗೆ ಕತ್ತರಿಸಿ ತಂದ ಹೂವಿನ ಹಾಗೆ, ಕೆಲವು ವಾರದ ಚೆಂದಕ್ಕೆ.

ಈಚಿನ ಎರಡು ದಶಕಗಳಲ್ಲಿ ಒಂದಷ್ಟು ಹಟಮಾರಿಗಳು ಇವುಗಳಿಗೆಂದೇ ಬೇರೆ ತೊಟ್ಟಿ ಕಟ್ಟತೊಡಗಿದ್ದಾರೆ. ಅವರ ಮನೆಯಲ್ಲಿ ಪುಟ್ಟ ಫ್ರಿಜ್ ಇರುತ್ತೆ, ಒಳಗೆ ಹಸಿರು ಪಾಚಿಯ ಬಾಟಲಿ. ಆಸ್ಪತ್ರೆಯ ಡ್ರಿಪ್ ಹಾಗೆ ಡೋಸಿಂಗ್ ಪಂಪು ಹಗಲೂ ರಾತ್ರಿ ಹನಿಹನಿಯಾಗಿ ಊಟ ಬಿಡುತ್ತಿರುತ್ತೆ. ದೀಪದ ಖರ್ಚು ಉಳಿದ ಹಾಗೆ ಕಂಡರೂ ಆ ದುಡ್ಡು ಉಪ್ಪಿಗೆ ಹೋಗುತ್ತೆ, ಏಕೆಂದರೆ ಊಟ ಸುರಿದಷ್ಟೂ ನೀರು ಬದಲಿಸಬೇಕು. ನೈಟ್ರೇಟ್ ಅಳೆಯಬೇಕು, ಪಂಪಿನ ಕೊಳವೆ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಸನ್ ಕೋರಲ್‌ನ ಬಾಯಿಗಳಿಗೆ ಕೈತುತ್ತು ತಪ್ಪಿಸಬಾರದು. ಆನಾ ಥಿನ್‌ಳ ಮನೆಯ ಹುಡುಗಿಯ ಕೆಲಸವನ್ನು ಯಂತ್ರಗಳು ಹಂಚಿಕೊಂಡಿವೆ ಅನ್ನೋದು ನಿಜ. ಆದರೆ ಬಕೆಟ್ ಎತ್ತುವ ಕೈ ಇನ್ನೂ ಬೇಕು. ಎರಡು ವಾರ ಅಮೆರಿಕಾ ಆನ್‌ಸೈಟ್ ಹೋದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಆ್ಯಪ್ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಓದಿ ಸನ್ ಕೋರಲ್ ಬಹಳ ನಾಜೂಕಿನ ಪ್ರಾಣಿ ಅಂದುಕೊಂಡಿರಾ? ಬ್ರೆಜಿಲ್‌ನವರನ್ನು ಕೇಳಿ. ಇಂಡೋ-ಪೆಸಿಫಿಕ್ ಕಡೆಯ ಈ ಹವಳ 1943ರ ಹೊತ್ತಿಗೇ ಕೆರಿಬಿಯನ್ ಸಮುದ್ರದಲ್ಲಿ ದಾಖಲಾಗಿತ್ತು, ಬಹುಶಃ ಹಡಗುಗಳ ತಳಕ್ಕೆ ಅಂಟಿಕೊಂಡು ಹೋಗಿದ್ದು. 1980ರ ದಶಕದಲ್ಲಿ ಬ್ರೆಜಿಲ್‌ನ ತೈಲ ವೇದಿಕೆಗಳ ಮೇಲೆ ಕಾಣಿಸಿತು. ಅಲ್ಲಿಂದ ತೀರದ ಬಂಡೆಗಳಿಗೆ ಹಬ್ಬಿ, ಸ್ಥಳೀಯ ಜೀವಿಗಳ ಜಾಗ ಕಬಳಿಸಿ, ಈಗ ಅದನ್ನು ಸುತ್ತಿಗೆ ಉಳಿ ಹಿಡಿದು ಕಿತ್ತು ತೆಗೆಯುತ್ತಿದ್ದಾರೆ. ಅಲ್ಲಿ ಅದಕ್ಕೆ ಪಿಪೆಟ್ ಹಿಡಿದು ಉಣಿಸುವವರು ಯಾರೂ ಇಲ್ಲ. ನಾಜೂಕು ಅನ್ನೋದು ಪ್ರಾಣಿಯ ಗುಣವಲ್ಲ, ನಮ್ಮ ಪೆಟ್ಟಿಗೆಯ ಗುಣ. ಸಮುದ್ರ ಪುಕ್ಕಟೆಯಾಗಿ, ಸದ್ದಿಲ್ಲದೆ ಮಾಡುವ ಕೆಲಸ ಎಷ್ಟು ಅಂತ ತಿಳಿಯಬೇಕಾದರೆ ಆ ಕೆಲಸವನ್ನು ನಾವು ಮಾಡಲು ಹೊರಡಬೇಕು.

ಹೊರಡುವ ಮೊದಲು ಒಂದು ವಿಷಯ. ಭಾರತದಲ್ಲಿ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ಚೂರು ಹವಳ ಮುರಿದು ತರುವುದು ಕಾನೂನಿನ ಕಣ್ಣಲ್ಲಿ ಸಣ್ಣ ತಪ್ಪಲ್ಲ. ಗಟ್ಟಿ ಹವಳಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿ ಬೇಕು. ಅಂಗಡಿಯವರು ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ತೋರಿಸದೆ "ಸಾರ್, ಏನೂ ಆಗಲ್ಲ, ತಗೊಂಡ್ ಹೋಗಿ" ಅಂದರೆ ಅಲ್ಲಿಗೇ ಕೈಮುಗಿದು ಬರಬೇಕು. ಎಡ್ಮಂಡ್ ಗಾಸ್ ಐವತ್ತು ವರ್ಷ ತಡವಾಗಿ ಬರೆದದ್ದನ್ನು ನಮ್ಮ ಕಾನೂನು ಮುಂಚಿತವಾಗಿ ಬರೆದಿಟ್ಟಿದೆ ಅಂದುಕೊಳ್ಳಿ.

ಕಾನೂನು ದಾಟಿ, ಖರ್ಚು ದಾಟಿ ಯಾರಾದರೂ ಇಂಥ ಜೀವಿಯನ್ನು ತಂದುಕೊಂಡರೆ ಅವರಿಗೆ ಕೇಳಬೇಕಾದ ಪ್ರಶ್ನೆ ಎಡಿನ್‌ಬರೋದ ಅಜ್ಜಿಯ ಕತೆಯಲ್ಲಿದೆ. ಡಾಲ್ಯೆಲ್ ಅದನ್ನು ಸಾಕಿದ್ದು 23 ವರ್ಷ. ಅವನು ಸತ್ತ ಮೇಲೆ ಅದು ಬದುಕಿದ್ದು 36 ವರ್ಷ. ಆ 36 ವರ್ಷದಲ್ಲಿ ಜಾಡಿಯ ನೀರು ಬದಲಿಸಿದ, ಮಾಂಸದ ತುಂಡು ಇಟ್ಟ ಯಾರೂ ಅದನ್ನು ಕಡಲಿಂದ ತಂದವರಲ್ಲ, ಅದರಿಂದ ಹೆಸರು ಮಾಡಿದವರೂ ಅಲ್ಲ. ಯಾರೋ ಶುರು ಮಾಡಿದ್ದ ಕೆಲಸವನ್ನು ನಿಲ್ಲಿಸದೆ ನಡೆಸಿಕೊಂಡು ಹೋದರು. ತೊಟ್ಟಿಯ ಸೈಜು, ಪಂಪಿನ ಕಂಪನಿ, ಉಪ್ಪಿನ ಬ್ರ್ಯಾಂಡು ಎಲ್ಲ ಆಮೇಲೆ ವಿಚಾರಿಸಿದರಾಯಿತು. ನೀವು ಊರಲ್ಲಿ ಇಲ್ಲದ ದಿನ ಆ ನಲವತ್ತು ಬಾಯಿಗೆ ತುತ್ತು ಇಡೋರು ಯಾರು, ಅವರ ಹೆಸರು ಏನು ಅಂತ ಮೊದಲು ಬರೆದಿಡಿ.